ಪ್ಲೇಟ್‌ಲೆಟ್ ಎಷ್ಟಿದೆ ಅನ್ನುವುದಿರಲಿ, ಆಪರೇಷನ್ ಆಗಿ ಎಷ್ಟನೇ ದಿನ?

ಪ್ರಶ್ನೆ: ನಮ್ಮಪ್ಪನಿಗೆ 68 ವರ್ಷ, ಬೇಸಾಯಗಾರರು. ಅಯೋರ್ಟಿಕ್ ವಾಲ್ವ್ ತೀರಾ ಕಿರಿದಾಗಿದೆ ಎಂದು ಮೈಸೂರಿನಲ್ಲಿ ಆಂಜಿಯೋಗ್ರಾಂ ಮಾಡಿ, ಮೂರು ವಾರ ಬಿಟ್ಟು ಎದೆ ತೆರೆದು ವಾಲ್ವ್ ಬದಲಾಯಿಸಿದರು. ಹಸುವಿನ ಪೊರೆಯಿಂದ ಮಾಡಿದ ವಾಲ್ವ್ ಅಂತೆ. ಆಪರೇಷನ್ನಿಗೆ ಮುಂಚೆ ಪ್ಲೇಟ್‌ಲೆಟ್ 2.10 ಲಕ್ಷ ಇತ್ತು. ಮೂರನೇ ದಿನ 72 ಸಾವಿರ, ಆರನೇ ದಿನ 1.35 ಲಕ್ಷ, ಎಂಟನೇ ದಿನ 1.48 ಲಕ್ಷ. ಅವತ್ತೇ ಮನೆಗೆ ಕಳಿಸಿದರು. ಹನ್ನೊಂದನೇ ದಿನ ಮಂಡ್ಯದ ಲ್ಯಾಬಿನಲ್ಲಿ ನೋಡಿಸಿದರೆ 61 ಸಾವಿರ! ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐ.ಎನ್.ಆರ್. 2.4 ಇದೆ. ಜ್ವರ ಇಲ್ಲ, ಎಲ್ಲೂ ರಕ್ತ ಬಂದಿಲ್ಲ. ಎಡಗಾಲಿನ ಮೀನಖಂಡ ಸ್ವಲ್ಪ ಊದಿಕೊಂಡು ನೋಯುತ್ತಿದೆ, ಬಹಳ ದಿನ ಮಲಗಿದ್ದಕ್ಕೆ ಇರಬೇಕು ಅಂದುಕೊಂಡಿದ್ದೇವೆ. ಹಸುವಿನ ವಾಲ್ವ್ ಮೈಗೆ ಒಗ್ಗುತ್ತಿಲ್ಲವೇ? ಪರಂಗಿ ಎಲೆ ರಸ ಕೊಡಬಹುದೇ, ಇಲ್ಲ ಪ್ಲೇಟ್‌ಲೆಟ್ ಹಾಕಿಸಬೇಕೇ? ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಬೇಕೇ? ಸೊಪ್ಪು ತಿನ್ನಬಾರದು ಅಂತ ಯಾರೋ ಹೇಳಿದ್ದಕ್ಕೆ ಪೂರ್ತಿ ಬಿಡಿಸಿದ್ದೇವೆ, ಸರಿಯೇ?
— ಪಾಂಡವಪುರ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರ ಕೈಗೆ ಬಂದ ಸಂಜೆಯೇ ಫೋನಿನಲ್ಲಿ ಹೇಳಿದ್ದನ್ನು ಮೊದಲು ಬರೆದುಬಿಡುತ್ತೇನೆ. ಇದೇ ಪರಿಸ್ಥಿತಿಯಲ್ಲಿರುವ ಬೇರೆ ಮನೆಯವರು ಓದುತ್ತಿದ್ದರೆ ಇಷ್ಟು ಓದಿ ಹೊರಡಲಿ, ಮಿಕ್ಕಿದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ. ತಂದೆಯವರನ್ನು ಅದೇ ದಿನ, ಆಪರೇಷನ್ ಮಾಡಿದ ಆಸ್ಪತ್ರೆಗೇ ಕರೆದುಕೊಂಡು ಹೋಗಬೇಕು. ಸೋಮವಾರದ ಓಪಿಡಿ ತನಕ ಕಾಯುವಂತಿಲ್ಲ. ಹೊರಡುವ ಮುನ್ನ ಆ ತಂಡಕ್ಕೆ ಫೋನ್ ಮಾಡಿ, ‘ಎಂಟನೇ ದಿನ 1.48 ಲಕ್ಷ ಇದ್ದದ್ದು ಹನ್ನೊಂದನೇ ದಿನ 61 ಸಾವಿರ ಆಗಿದೆ, ಒಂದು ಕಾಲು ಊದಿದೆ’ ಎಂದು ಇದೇ ಮಾತಿನಲ್ಲಿ ಹೇಳಬೇಕು. ಅವತ್ತಿನ ರಾತ್ರಿಯ ಮಾತ್ರೆ ಕೊಡಬೇಕೋ ಬೇಡವೋ ಎಂಬುದನ್ನೂ ಅವರನ್ನೇ ಕೇಳಬೇಕು. ದಾರಿಯಲ್ಲಿ ಬೇರೆ ಎಲ್ಲಾದರೂ ತೋರಿಸಿದರೆ ಅಲ್ಲಿ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಚುಚ್ಚುವ ಔಷಧಿ) ಕೊಡದಂತೆ ನೋಡಿಕೊಳ್ಳಬೇಕು. ಊದಿದ ಕಾಲಿಗೆ ಎಣ್ಣೆ ಹಚ್ಚಿ ನೀವಬಾರದು.

ಇನ್ನು ಕಾರಣ. 72 ಸಾವಿರ ನನ್ನನ್ನು ಹೆದರಿಸಲಿಲ್ಲ, 61 ಸಾವಿರ ಹೆದರಿಸಿತು. ಎರಡರ ನಡುವಿನ ಅಂತರ ಬರೀ 11 ಸಾವಿರ. ಒಂದು ಲ್ಯಾಬಿನಿಂದ ಇನ್ನೊಂದು ಲ್ಯಾಬಿಗೆ ಅಷ್ಟು ಏರುಪೇರು ಇದ್ದೇ ಇರುತ್ತದೆ. ಮತ್ತೇಕೆ ಹೆದರಿಕೆ?

ನೀವು ಮಂಡ್ಯ ಜಿಲ್ಲೆಯವರು, ಬೆಳಗ್ಗೆ ಪತ್ರಿಕೆ ಬಿಡಿಸಿದರೆ ಕೆ.ಆರ್.ಎಸ್. ಮಟ್ಟ ನೋಡುವವರು. ನೂರು ಅಡಿ ಎಂದು ಹಾಕಿದ್ದರೆ ಅದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ? ಜೂನ್ ಕೊನೆಯಲ್ಲಾದರೆ ಖುಷಿ, ಕೊಡಗಿನಲ್ಲಿ ಮಳೆ ಹಿಡಿದಿದೆ, ಕಟ್ಟೆ ತುಂಬುತ್ತಿದೆ. ಅದೇ ನೂರು ಅಡಿ ಅಕ್ಟೋಬರ್‌ನಲ್ಲಾದರೆ ಭತ್ತ ನಾಟಿ ಹಾಕಿದವನಿಗೆ ನಿದ್ದೆ ಬರುವುದಿಲ್ಲ. ಗರಿಷ್ಠ ಮಟ್ಟ 124.80 ಅಡಿ ಎಂದಷ್ಟೇ ಗೊತ್ತಿದ್ದರೆ ಇದು ತಿಳಿಯುವುದಿಲ್ಲ. ಒಳಹರಿವು ಎಷ್ಟು, ಹೊರಹರಿವು ಎಷ್ಟು, ತಿಂಗಳು ಯಾವುದು ಎಂದು ನೋಡಬೇಕು. ಲ್ಯಾಬ್ ವರದಿಯ ಬಲಗಡೆ ಅಚ್ಚು ಹಾಕಿರುವ ‘1.5ರಿಂದ 4.5 ಲಕ್ಷ’ ಎಂಬುದು ಆ 124.80 ಇದ್ದ ಹಾಗೆ. ಆಪರೇಷನ್ ಆದವರ ಪ್ಲೇಟ್‌ಲೆಟ್ಟಿಗೂ ತಿಂಗಳು ಇದೆ, ಒಳಹರಿವು ಹೊರಹರಿವು ಇದೆ. ನಾವು ದಿನ ಎಣಿಸುವುದು ಅದಕ್ಕೇ.

ಮೊದಲ ಇಳಿತವನ್ನು ನೋಡೋಣ. ಎದೆ ತೆರೆದು ವಾಲ್ವ್ ಹಾಕುವಾಗ ಹೃದಯವನ್ನು ನಿಲ್ಲಿಸಿ, ಅದರ ಕೆಲಸವನ್ನೂ ಶ್ವಾಸಕೋಶದ ಕೆಲಸವನ್ನೂ ಮೆಷಿನ್ನಿಗೆ ವಹಿಸುತ್ತಾರೆ. ಆ ಮೆಷಿನ್ನಿನ ಕೊಳವೆಗಳಲ್ಲಿ ಮೊದಲೇ ಒಂದು ಲೀಟರಿಗೂ ಮೇಲೆ ದ್ರವ ತುಂಬಿರುತ್ತದೆ, ಅದು ರಕ್ತಕ್ಕೆ ಬೆರೆತಾಗಲೇ ಎಣಿಕೆ ತೆಳುವಾಗುತ್ತದೆ. ಮೇಲಾಗಿ ಪ್ಲೇಟ್‌ಲೆಟ್‌ನ ಸ್ವಭಾವವೇ ಅಂಥದ್ದು: ರಕ್ತನಾಳದ ನುಣುಪಾದ ಒಳಗೋಡೆ ಬಿಟ್ಟು ಬೇರೆ ಏನೇ ತಾಗಿದರೂ ‘ಇಲ್ಲಿ ಗಾಯ ಆಗಿದೆ’ ಎಂದುಕೊಂಡು ಅಂಟಿಕೊಳ್ಳುತ್ತದೆ. ಒಂದೆರಡು ಗಂಟೆ ಪ್ಲಾಸ್ಟಿಕ್ ಕೊಳವೆಯಲ್ಲಿ ಸುತ್ತಿ ಬಂದ ಮೇಲೆ ಎಷ್ಟೋ ಪ್ಲೇಟ್‌ಲೆಟ್‌ಗಳು ಅಲ್ಲೇ ಸವೆದಿರುತ್ತವೆ. ಹೀಗೆ ಎರಡರಿಂದ ನಾಲ್ಕನೇ ದಿನದೊಳಗೆ ಎಣಿಕೆ ತಳ ಮುಟ್ಟುತ್ತದೆ, ಸುಮಾರು ಅರ್ಧಕ್ಕೆ ಇಳಿಯುವುದು ಮಾಮೂಲು. ಅಷ್ಟರಲ್ಲಿ ಮೂಳೆಮಜ್ಜೆಗೆ ಸುದ್ದಿ ಮುಟ್ಟಿ ಹೊಸ ಸರಕು ಬರತೊಡಗುತ್ತದೆ. ಐದಾರು ದಿನಕ್ಕೆ ಏರುಮುಖ ಆಗುತ್ತದೆ. ಎರಡನೇ ವಾರದ ಹೊತ್ತಿಗೆ ಆಪರೇಷನ್ನಿಗೆ ಮುಂಚೆ ಇದ್ದದ್ದಕ್ಕಿಂತ ಮೇಲೆಯೇ ಹೋಗುವುದುಂಟು. ಹನ್ನೊಂದನೇ ದಿನ ನಿಮ್ಮ ತಂದೆಯವರಿಗೆ ಇರಬೇಕಾಗಿದ್ದದ್ದು ಎರಡು ಲಕ್ಷಕ್ಕೂ ಮೇಲೆ. ಇದ್ದದ್ದು 61 ಸಾವಿರ.

2.10 ಲಕ್ಷದಿಂದ 72 ಸಾವಿರ ಎಂದರೆ ಅರ್ಧಕ್ಕಿಂತಲೂ ಹೆಚ್ಚು ಇಳಿದಿದೆಯಲ್ಲ ಎಂದು ನೀವು ಕೇಳಬಹುದು. ಹೌದು, ಅದರಲ್ಲಿ ವಾಲ್ವ್‌ನ ಪಾಲೂ ಇರಬಹುದು. ಲೋಹದ ವಾಲ್ವ್ ಹಾಕಿದವರಿಗಿಂತ ಜೈವಿಕ ವಾಲ್ವ್ ಹಾಕಿದವರಲ್ಲಿ ಮೊದಲ ವಾರದ ಇಳಿತ ಹೆಚ್ಚು ಆಳ ಎಂಬುದನ್ನು ಹೃದಯ ಶಸ್ತ್ರಚಿಕಿತ್ಸಕರು ಬಹಳ ದಿನದಿಂದ ಗಮನಿಸಿದ್ದಾರೆ. ಅದರಲ್ಲೂ ಚೌಕಟ್ಟಿಲ್ಲದ ಕೆಲವು ವಾಲ್ವ್‌ಗಳಲ್ಲಿ, ಹೊಲಿಗೆ ಹೆಚ್ಚು ಬೇಡದೆ ತಾನೇ ಅರಳಿ ಕೂರುವ ವಾಲ್ವ್‌ಗಳಲ್ಲಿ ಇದು ಎದ್ದು ಕಾಣುತ್ತದೆ. ಎದೆ ತೆರೆಯದೆ ತೊಡೆಯ ರಕ್ತನಾಳದಿಂದ ಏರಿಸುವ ವಾಲ್ವ್‌ನಲ್ಲೂ, ಅಲ್ಲಿ ಬೈಪಾಸ್ ಮೆಷಿನ್ನೇ ಇಲ್ಲದಿದ್ದರೂ, ಒಂದಿಷ್ಟು ಇಳಿತ ಇದ್ದೇ ಇದೆ. ವಾಲ್ವ್ ಕೆಡದಂತೆ ಇಡುವ ರಾಸಾಯನಿಕವೋ, ಅದರೊಳಗೆ ರಕ್ತ ಸುಳಿಯುವ ರೀತಿಯೋ, ಈ ವಾಲ್ವ್ ಹಾಕಿಸಿಕೊಳ್ಳುವವರಿಗೆ ವಯಸ್ಸಾಗಿರುತ್ತದೆ ಎಂಬುದೋ, ಕಾರಣದ ಬಗ್ಗೆ ವಾದ ನಡೆದೇ ಇದೆ. ನಮಗೆ ಬೇಕಾದ ವಿಷಯ ಇಷ್ಟು: ಇದು ಹೆಚ್ಚಾಗಿ ನಿರಪಾಯ, ತಾನಾಗಿಯೇ ಸರಿಹೋಗುತ್ತದೆ, ಮತ್ತು ಮೊದಲ ವಾರದ ಕಥೆ. ಒಮ್ಮೆ ಏರಿ ಮತ್ತೆ ಕುಸಿದದ್ದನ್ನು ವಾಲ್ವ್ ಮೇಲೆ ಹೊರಿಸಲಾಗದು.

‘ಹಸುವಿನದು ಒಗ್ಗುತ್ತಿಲ್ಲವೇ’ ಎಂಬ ಪ್ರಶ್ನೆ ಕೇಳದ ಮನೆಯೇ ಇಲ್ಲ. ಕೆಲವರು ಬಾಯಿಬಿಟ್ಟು ಕೇಳುತ್ತಾರೆ, ಕೆಲವರು ಕೇಳಲಾರದೆ ಕೊರಗುತ್ತಾರೆ. ಅಜ್ಜಿ ಒಬ್ಬರು ವಾಲ್ವ್ ಹಾಕಿಸಿಕೊಂಡ ಮೇಲೆ ಕೊಟ್ಟಿಗೆಗೆ ಹೋಗಲು ಮುಜುಗರ ಎಂದು ನನ್ನ ಮುಂದೆ ಅತ್ತಿದ್ದರು. ವಾಲ್ವ್ ಮಾಡುವುದು ಹೃದಯದ ಹೊರಚೀಲದ ತೆಳು ಪೊರೆಯಿಂದ. ಅದನ್ನು ಗ್ಲುಟರಾಲ್ಡಿಹೈಡ್ ಎಂಬ ದ್ರಾವಣದಲ್ಲಿ ಹದಮಾಡುತ್ತಾರೆ. ಪ್ಯಾರಿಸ್‌ನ ಶಸ್ತ್ರವೈದ್ಯ ಅಲೈನ್ ಕಾರ್ಪೆಂಟಿಯರ್ 1960ರ ದಶಕದ ಕೊನೆಯಲ್ಲಿ ಹಂದಿಯ ವಾಲ್ವ್‌ಗೆ ಮಾಡಿ ತೋರಿಸಿದ ವಿಧಾನ ಅದು. ಹಾಗೆ ಹದವಾದ ಮೇಲೆ ಅದರಲ್ಲಿ ಜೀವಕೋಶ ಬದುಕಿರುವುದಿಲ್ಲ. ಕಿಡ್ನಿ ಕಸಿ ಮಾಡಿಸಿಕೊಂಡವರ ಹಾಗೆ ದೇಹ ಅದನ್ನು ದಿನಗಳಲ್ಲಿ ತಿರಸ್ಕರಿಸುವುದಿಲ್ಲ, ಅದಕ್ಕಾಗಿ ಮಾತ್ರೆ ನುಂಗಬೇಕಾಗಿಯೂ ಇಲ್ಲ. ಇಂಥ ವಾಲ್ವ್ ಸವೆಯುವುದು ವರ್ಷಗಳ ಲೆಕ್ಕದಲ್ಲಿ, ಸಾಮಾನ್ಯವಾಗಿ 10ರಿಂದ 15 ವರ್ಷ.

ಇದರಲ್ಲಿ ನನಗೆ ತಮಾಷೆ ಎನಿಸುವುದೊಂದಿದೆ. ಎಲ್ಲರೂ ಹಸುವಿನ ಬಗ್ಗೆ ಕೇಳುತ್ತಾರೆ, ಹೆಪಾರಿನ್ ಬಗ್ಗೆ ಯಾರೂ ಕೇಳುವುದಿಲ್ಲ. ಅದು ಬರುವುದು ಹಂದಿಯ ಕರುಳಿನ ಒಳಪದರದಿಂದ. ಯಾವ ಬಗೆಯ ವಾಲ್ವ್ ಹಾಕಿಸಿಕೊಂಡರೂ ಮೆಷಿನ್ನಿನೊಳಗೆ ರಕ್ತ ಹೆಪ್ಪುಗಟ್ಟಬಾರದೆಂದು ಎಲ್ಲರಿಗೂ ಅದನ್ನು ಧಾರಾಳವಾಗಿ ಕೊಟ್ಟಿರುತ್ತಾರೆ. ನಿಮ್ಮ ತಂದೆಯವರ ವಿಷಯದಲ್ಲಿ ನಾನು ಅನುಮಾನಿಸಿದ್ದು ಅದನ್ನೇ.

ಹೆಪಾರಿನ್ ರಕ್ತದೊಳಕ್ಕೆ ಹೋದಾಗ ಪ್ಲೇಟ್‌ಲೆಟ್‌ಗಳೇ ಬಿಡುಗಡೆ ಮಾಡುವ ಪಿ.ಎಫ್.4 ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡಾಗ ಆ ಪ್ರೋಟೀನಿನ ರೂಪ ಬದಲಾಗುತ್ತದೆ, ನಮ್ಮದೇ ಆದರೂ ದೇಹದ ಕಾವಲಿನವರಿಗೆ ಪರಕೀಯವಾಗಿ ಕಾಣುತ್ತದೆ. ಕೆಲವರಲ್ಲಿ ಅದರ ವಿರುದ್ಧ ಆ್ಯಂಟಿಬಾಡಿ ಹುಟ್ಟುತ್ತದೆ. ಅದಕ್ಕೆ ಐದರಿಂದ ಹತ್ತು ದಿನ ಬೇಕು. ನಾನು ಎಷ್ಟನೇ ದಿನ ಎಂದು ಕೇಳುತ್ತಿರುವುದು ಈ ಕಾರಣಕ್ಕೆ. ಆ ಆ್ಯಂಟಿಬಾಡಿ ಪ್ಲೇಟ್‌ಲೆಟ್‌ಗಳನ್ನು ಸುಮ್ಮನೆ ಕೊಂದಿದ್ದರೆ ಇಷ್ಟು ಚಿಂತೆ ಇರಲಿಲ್ಲ. ಅದು ಅವುಗಳನ್ನು ಕೆರಳಿಸುತ್ತದೆ. ಗಾಯವೇ ಇಲ್ಲದ ಕಡೆ ಅವು ಒಂದಕ್ಕೊಂದು ಅಂಟಿ ಗರಣೆ ಕಟ್ಟುತ್ತವೆ: ಕಾಲಿನ ರಕ್ತನಾಳದಲ್ಲಿ, ಶ್ವಾಸಕೋಶದಲ್ಲಿ, ಮೆದುಳಿನಲ್ಲಿ, ಕೆಲವೊಮ್ಮೆ ಹೊಸ ವಾಲ್ವ್‌ನ ಎಸಳಿನ ಮೇಲೇ. ಗರಣೆ ಕಟ್ಟಲು ಖರ್ಚಾದ ಕಾರಣ ಲ್ಯಾಬಿನ ಎಣಿಕೆ ಇಳಿಯುತ್ತದೆ. ಡಾಕ್ಟರುಗಳು ಇದನ್ನು ‘ಹಿಟ್’ (HIT, ಹೆಪಾರಿನ್‌ನಿಂದಾಗಿ ಪ್ಲೇಟ್‌ಲೆಟ್ ಇಳಿಯುವುದು) ಎಂದು ಇಂಗ್ಲಿಷಿನ ಮೂರಕ್ಷರದಲ್ಲಿ ಮಾತಾಡಿಕೊಳ್ಳುವುದನ್ನು ನೀವು ವಾರ್ಡಿನಲ್ಲಿ ಕೇಳಿರಬಹುದು. ಹೃದಯದ ಆಪರೇಷನ್ ಆದ ನೂರು ಜನರಲ್ಲಿ ಒಬ್ಬರಿಂದ ಮೂವರಿಗೆ ಬರುತ್ತದೆ. ಗುರುತಿಸದೆ ಬಿಟ್ಟರೆ ಅವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎಲ್ಲಾದರೂ ಗರಣೆ ಕಟ್ಟುತ್ತದೆ.

ಹೃದಯದ ಆಪರೇಷನ್ ಆದವರಲ್ಲಿ ಇದರ ಸಹಿ ಯಾವುದು ಗೊತ್ತೇ? ಇಳಿದು, ಏರಿ, ಮತ್ತೆ ಇಳಿಯುವುದು. ನಿಮ್ಮ ಪತ್ರದ ಐದು ಅಂಕಿಗಳನ್ನು ಮಕ್ಕಳ ಗ್ರಾಫ್ ಹಾಳೆಯ ಮೇಲೆ ಗುರುತು ಹಾಕಿ ಗೆರೆ ಎಳೆಯಿರಿ. ಎರಡು ಹಳ್ಳ, ನಡುವೆ ಒಂದು ದಿಬ್ಬ. ಆ ಚಿತ್ರ ನೋಡಿಯೇ ನಾನು ಫೋನ್ ಎತ್ತಿಕೊಂಡದ್ದು.

ಕಾರಣ ಇನ್ನೊಂದೂ ಇದೆ, ಹೇಳಿಬಿಡುತ್ತೇನೆ. ನಾನು ಈ ಕೆಲಸಕ್ಕೆ ಸೇರಿದ ಹೊಸತು. ಮೈಟ್ರಲ್ ವಾಲ್ವ್ ಬದಲಾಯಿಸಿದ ಹೆಂಗಸೊಬ್ಬರ ವರದಿ ನನ್ನ ಮೇಜಿಗೆ ಬಂತು. ಎಂಟನೇ ದಿನ, 92 ಸಾವಿರ. ‘ಆಪರೇಷನ್ ಆದವರಿಗೆ ಇದೆಲ್ಲ ಇದ್ದದ್ದೇ, ನಾಳೆ ಮತ್ತೆ ನೋಡೋಣ’ ಎಂದು ಬರೆದು ಸಹಿ ಹಾಕಿದೆ. ಹಿಂದಿನ ಹಾಳೆ ತಿರುಗಿಸಲಿಲ್ಲ. ಎರಡು ದಿನದ ಹಿಂದೆ ಅದು 1.9 ಲಕ್ಷ ಇತ್ತು. ಮರುದಿನ ಬೆಳಗ್ಗೆ ಆಕೆಯ ಬಲಗಾಲಿನ ಬೆರಳು ಕಪ್ಪಾಗಿದ್ದವು. ಜೀವ ಉಳಿಯಿತು, ಎರಡು ಬೆರಳು ಹೋದವು. 92 ಸಾವಿರ ಎಂಬುದು ಯಾರನ್ನೂ ಬೆಚ್ಚಿಬೀಳಿಸುವ ಅಂಕಿ ಅಲ್ಲವಲ್ಲ, ಡೆಂಗಿ ವಾರ್ಡಿನಲ್ಲಿ ಅಷ್ಟಿದ್ದರೆ ಮನೆಗೇ ಕಳಿಸುತ್ತೇವೆ. ಈಗ ಒಂದೇ ಒಂದು ವರದಿ ಹಿಡಿದು ಬಂದವರನ್ನು ಹಳೆಯದೆಲ್ಲ ತನ್ನಿ ಎಂದು ವಾಪಸ್ ಕಳಿಸುತ್ತೇನೆ, ಬೈಸಿಕೊಳ್ಳುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಮಾತು ಆಂಜಿಯೋಗ್ರಾಂ. ಮುಂಗೈಯಿಂದ ಆಂಜಿಯೋಗ್ರಾಂ ಮಾಡುವಾಗಲೂ ಹೆಪಾರಿನ್ ಕೊಡುತ್ತಾರೆ. ಹಾಗಾಗಿ ಆಪರೇಷನ್ ಹೊತ್ತಿಗೆ ನಿಮ್ಮ ತಂದೆಯವರಿಗೆ ಅದರ ಪರಿಚಯ ಆಗಿರುವ ಸಾಧ್ಯತೆ ಹೆಚ್ಚು. ಮೂರು ತಿಂಗಳೊಳಗೆ ಹೀಗೆ ಹೆಪಾರಿನ್ ಪಡೆದು, ರಕ್ತದಲ್ಲಿ ಆ್ಯಂಟಿಬಾಡಿ ಇನ್ನೂ ಉಳಿದಿರುವ ಕೆಲವರಿಗೆ ಐದು ದಿನ ಕಾಯದೆ, ಒಂದೇ ದಿನದಲ್ಲಿ ಎಣಿಕೆ ಕುಸಿಯುವುದೂ ಉಂಟು. ವಾರ್ಡಿನಲ್ಲಿ ಹೊಟ್ಟೆಯ ಮೇಲೆ ಚುಚ್ಚುತ್ತಿದ್ದ ಸಣ್ಣ ಸೂಜಿ ನೆನಪಿದೆಯೇ? ಅದರಲ್ಲೂ ಹೆಚ್ಚಾಗಿ ಇರುವುದು ಹೆಪಾರಿನ್ ಬಳಗದ ಔಷಧಿಯೇ. ಡಿಸ್ಚಾರ್ಜ್ ಹಾಳೆಯಲ್ಲಿ ಇದ್ಯಾವುದೂ ಎದ್ದು ಕಾಣುವಂತೆ ಬರೆದಿರುವುದಿಲ್ಲ. ಎಷ್ಟು ದಿನ ಕೊಟ್ಟರು, ಯಾವತ್ತು ನಿಲ್ಲಿಸಿದರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಹೆಪಾರಿನ್ ನಿಲ್ಲಿಸಿ ಮನೆಗೆ ಬಂದ ಮೇಲೂ ಈ ತೊಂದರೆ ತಲೆ ಎತ್ತಬಹುದು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. 61 ಸಾವಿರ ಸುಳ್ಳೂ ಇರಬಹುದು. ರಕ್ತ ತೆಗೆಯುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇ.ಡಿ.ಟಿ.ಎ. ಎಂಬ ರಾಸಾಯನಿಕ ಇರುತ್ತದೆ. ಕೆಲವರ ರಕ್ತದಲ್ಲಿ ಅದು ಸೇರಿದ ತಕ್ಷಣ ಪ್ಲೇಟ್‌ಲೆಟ್‌ಗಳು ಟ್ಯೂಬಿನೊಳಗೇ ಗುಂಪುಗುಂಪಾಗಿ ಅಂಟಿಕೊಳ್ಳುತ್ತವೆ. ಮೆಷಿನ್ ಇಡೀ ಗುಂಪನ್ನು ಎಣಿಕೆಯಿಂದ ಬಿಟ್ಟುಬಿಡುತ್ತದೆ. ನಂಜನಗೂಡಿನ ಕಡೆಯ ಹಿರಿಯರೊಬ್ಬರಿಗೆ ಮೂರು ಸಲವೂ 38 ಸಾವಿರ ಬಂದು, ಮನೆಮಂದಿ ರಾತ್ರಿಯೆಲ್ಲ ರಕ್ತದಾನಿಗಳಿಗಾಗಿ ಊರೂರಿಗೆ ಫೋನ್ ಮಾಡಿದ್ದರು. ಗಾಜಿನ ಮೇಲೆ ಒಂದು ಹನಿ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅಂಚಿನಲ್ಲೆಲ್ಲ ದ್ರಾಕ್ಷಿ ಗೊಂಚಲಿನಂತೆ ಪ್ಲೇಟ್‌ಲೆಟ್! ಸಿಟ್ರೇಟ್ ಇರುವ ನೀಲಿ ಮುಚ್ಚಳದ ಟ್ಯೂಬಿನಲ್ಲಿ ತೆಗೆದಾಗ 1.9 ಲಕ್ಷ. ಆದ್ದರಿಂದ ಆಸ್ಪತ್ರೆಯಲ್ಲಿ ಮೊದಲು ಆಗಬೇಕಾದ ಕೆಲಸ ಸ್ಮಿಯರ್ ನೋಡುವುದು. ಐದು ನಿಮಿಷದ ಕೆಲಸ, ಆದರೆ ಮೆಷಿನ್ ಬಂದ ಮೇಲೆ ಕಣ್ಣಿಟ್ಟು ನೋಡುವ ಅಭ್ಯಾಸ ಹೋಗುತ್ತಿದೆ. ನಿಮ್ಮ ತಂದೆಯವರಿಗೆ ಕಾಲೂ ಊದಿದ್ದರಿಂದ, ಸುಳ್ಳು ಇರಬಹುದು ಎಂದು ನಂಬಿಕೊಂಡು ಮನೆಯಲ್ಲಿ ಕೂರುವ ಹಾಗಿರಲಿಲ್ಲ.

ಬೇರೆ ಕಾರಣಗಳೂ ಇವೆ. ನಂಜು ಏರಿದರೆ ಪ್ಲೇಟ್‌ಲೆಟ್ ಇಳಿಯುತ್ತದೆ. ಲಿನಿಜೋಲಿಡ್‌ನಂಥ ಕೆಲವು ಆಂಟಿಬಯಾಟಿಕ್‌ಗಳನ್ನು ಎರಡು ವಾರ ಕೊಟ್ಟರೆ ಇಳಿಯುತ್ತದೆ. ವಾಲ್ವ್‌ನ ಹೊಲಿಗೆಯ ಪಕ್ಕದಿಂದ ರಕ್ತ ಸೋರುತ್ತಿದ್ದರೆ ಹೆಚ್ಚಾಗಿ ಒಡೆಯುವುದು ಕೆಂಪು ಕಣಗಳು. ಆಗ ಮೂತ್ರ ಕಾಫಿ ಬಣ್ಣಕ್ಕೆ ತಿರುಗುತ್ತದೆ, ಕಣ್ಣು ಹಳದಿಯಾಗುತ್ತದೆ, ಹಿಮೋಗ್ಲೋಬಿನ್ ಇಳಿಯುತ್ತದೆ. ಎಕೋ ಮಾಡಿದರೆ ಸೋರಿಕೆ ಕಾಣುತ್ತದೆ. ಮಳೆಗಾಲದಲ್ಲಾದರೆ ಡೆಂಗಿಯನ್ನೂ ಮರೆಯುವಂತಿಲ್ಲ, ಆದರೆ ಜ್ವರವೇ ಇಲ್ಲದ ಡೆಂಗಿಯಲ್ಲಿ ಎಣಿಕೆ ಹೀಗೆ ಕುಸಿಯುವುದು ಅಪರೂಪ.

ಡೆಂಗಿ ಎಂದಾಗ ಪರಂಗಿ ಎಲೆಯ ಮಾತು ಬರಲೇಬೇಕು. ನಮ್ಮ ಕಡೆ ಪ್ಲೇಟ್‌ಲೆಟ್ ಎಂಬ ಪದವನ್ನು ಮನೆಮನೆಗೆ ತಂದದ್ದೇ ಡೆಂಗಿ. ಶಾಲೆಯ ಪುಸ್ತಕದಲ್ಲಿ ‘ಕಿರುತಟ್ಟೆ’ ಎಂಬ ಚೆಂದದ ಹೆಸರಿದ್ದರೂ ಜನ ‘ಬಿಳಿ ರಕ್ತಕಣ ಕಮ್ಮಿಯಾಗಿದೆ’ ಎನ್ನುತ್ತಾರೆ. ಬಿಳಿಕಣವೇ ಬೇರೆ, ಇದೇ ಬೇರೆ. ಡೆಂಗಿ ನಮಗೆ ಕಲಿಸಿದ ಪಾಠ: ಎಣಿಕೆ ಇಳಿಯಿತೆಂದರೆ ರಕ್ತಸ್ರಾವ, ಏರಿಸಿದರೆ ಗುಣ. ಆ ಪಾಠವನ್ನು ಇಲ್ಲಿಗೆ ತಂದರೆ ಪೂರಾ ತಲೆಕೆಳಗು. ಹೆಪಾರಿನ್ ತೊಂದರೆಯಲ್ಲಿ ಅಪಾಯ ರಕ್ತ ಸುರಿಯುವುದಲ್ಲ, ಹೆಪ್ಪುಗಟ್ಟುವುದು. ಮೂಳೆಮಜ್ಜೆ ಪ್ಲೇಟ್‌ಲೆಟ್ ತಯಾರಿಸುತ್ತಲೇ ಇದೆ, ಅವು ಹೊರಬಂದ ಮೇಲೆ ಉರಿದುಹೋಗುತ್ತಿವೆ. ಪರಂಗಿ ಎಲೆ ಅದನ್ನು ತಡೆಯುವುದಿಲ್ಲ. ಮೇಲಾಗಿ ಎಲೆಯ ರಸ, ಕಷಾಯಗಳು ರಕ್ತ ತೆಳು ಮಾಡುವ ಮಾತ್ರೆಯ ಬಲವನ್ನು ಹೆಚ್ಚುಕಮ್ಮಿ ಮಾಡಬಹುದು. ಕೊಡಬೇಡಿ.

ಪ್ಲೇಟ್‌ಲೆಟ್ ಚೀಲ ಹಾಕಿಸುವುದೂ ಹಾಗೆಯೇ. ರಕ್ತ ಸುರಿಯುತ್ತಿದ್ದರೆ, ಇಲ್ಲವೇ ತುರ್ತು ಆಪರೇಷನ್ ಬೇಕಾದರೆ ಹಾಕಲೇಬೇಕಾಗುತ್ತದೆ, ಅದು ಬೇರೆ ಮಾತು. ಅದಿಲ್ಲದೆ ಬರೀ ಅಂಕಿ ಏರಿಸಲು ಹಾಕಿದರೆ ಉರಿಯುವ ಬೆಂಕಿಗೆ ಸೌದೆ ಒಡ್ಡಿದಂತೆ. 61 ಸಾವಿರಕ್ಕೆ, ಅದೂ ಎಲ್ಲೂ ರಕ್ತ ಬರದಿರುವಾಗ, ಯಾವ ಕಾಯಿಲೆಯಲ್ಲೂ ಚೀಲ ಬೇಕಾಗುವುದಿಲ್ಲ. ದಾನಿಗಳನ್ನು ಹುಡುಕುವ ಓಡಾಟ ಬೇಡ.

ನಿಮ್ಮ ಪ್ರಶ್ನೆಗಳಲ್ಲಿ ಅತಿ ಕಷ್ಟದ್ದು ಮಾತ್ರೆಯದು. ನಮ್ಮಲ್ಲಿ ವಾಲ್ವ್ ಆದವರಿಗೆ ಸಾಮಾನ್ಯವಾಗಿ ಕೊಡುವುದು ಅಸಿಟ್ರೋಮ್ ಇಲ್ಲವೇ ವಾರ್ಫರಿನ್, ಜೊತೆಗೆ ಸಣ್ಣ ಆಸ್ಪಿರಿನ್. ಜೈವಿಕ ವಾಲ್ವ್‌ಗೆ ಮೊದಲ ಮೂರರಿಂದ ಆರು ತಿಂಗಳು ಐ.ಎನ್.ಆರ್. 2ರಿಂದ 3ರ ನಡುವೆ ಇರಲಿ ಎನ್ನುತ್ತಾರೆ, ಆಮೇಲೆ ಹೆಚ್ಚಿನವರಿಗೆ ಆಸ್ಪಿರಿನ್ ಒಂದೇ. ಹಾಗಾಗಿ 2.4 ಎಂದರೆ ಹಾಳೆಯ ಮೇಲೆ ಚೊಕ್ಕವಾಗಿದೆ. ಆದರೆ ಹೆಪಾರಿನ್ ತೊಂದರೆ ಉರಿಯುತ್ತಿರುವ ಹೊತ್ತಿನಲ್ಲಿ ಈ ಮಾತ್ರೆ ಉಲ್ಟಾ ಹೊಡೆಯಬಹುದು. ಹೆಪ್ಪುಗಟ್ಟಿಸುವ ಮುಖ್ಯ ವಸ್ತುಗಳನ್ನು ಪೂರ್ತಿ ತಗ್ಗಿಸುವ ಮೊದಲೇ, ಹೆಪ್ಪುಗಟ್ಟದಂತೆ ಕಾಯುವ ಪ್ರೋಟೀನ್ ಸಿ ಎಂಬುದನ್ನು ಅದು ತಗ್ಗಿಸುತ್ತದೆ. ಹೊರಗೆ ಐ.ಎನ್.ಆರ್. ಚೆನ್ನಾಗಿ ಕಾಣುತ್ತಿರುತ್ತದೆ, ಒಳಗೆ ಸಣ್ಣ ರಕ್ತನಾಳಗಳು ಕಟ್ಟಿಕೊಂಡು ಚರ್ಮ, ಬೆರಳು ಕೊಳೆಯುತ್ತವೆ. ನಾನು ಮೇಲೆ ಹೇಳಿದ ಹೆಂಗಸಿಗೆ ಆದದ್ದು ಅದೇ. ಅದಕ್ಕೆ ಪರಿಹಾರ ಮಾತ್ರೆ ನಿಲ್ಲಿಸಿ ಸುಮ್ಮನಿರುವುದೂ ಅಲ್ಲ. ಹೊಸ ವಾಲ್ವ್ ಇರುವವರಿಗೆ ಅದೂ ಅಪಾಯ. ಒಂದನ್ನು ನಿಲ್ಲಿಸಿದ ಕೈಯಲ್ಲೇ ಇನ್ನೊಂದನ್ನು ಶುರು ಮಾಡಬೇಕು. ನಿಲ್ಲಿಸಿ ಎಂದಾಗಲಿ ಮುಂದುವರಿಸಿ ಎಂದಾಗಲಿ ನಾನು ಫೋನಿನಲ್ಲಿ ಹೇಳದೆ ತಂಡವನ್ನು ಕೇಳಿ ಎಂದದ್ದು ಅದಕ್ಕೆ.

ಆಸ್ಪತ್ರೆಯಲ್ಲಿ ಏನೇನು ನಡೆಯಬೇಕು ಎಂದು ತಿಳಿದಿದ್ದರೆ ನಿಮಗೂ ಧೈರ್ಯ. ಕಾಲಿಗೆ ಡಾಪ್ಲರ್ ಸ್ಕ್ಯಾನ್, ಹೃದಯಕ್ಕೆ ಎಕೋ. ಅನುಮಾನ ಎಷ್ಟು ಬಲವಾಗಿದೆ ಎಂದು ಅಳೆಯಲು ನಾಲ್ಕು ಪ್ರಶ್ನೆಗಳ ಲೆಕ್ಕವೊಂದಿದೆ: ಎಣಿಕೆ ಎಷ್ಟು ಪಾಲು ಇಳಿಯಿತು, ಯಾವ ದಿನ ಇಳಿಯಿತು, ಗರಣೆ ಕಟ್ಟಿದೆಯೇ, ಬೇರೆ ಕಾರಣ ಇದೆಯೇ. ಒಂದೊಂದಕ್ಕೆ ಎರಡರಂತೆ ಒಟ್ಟು ಎಂಟು ಅಂಕ. ಮೂರು ಅಥವಾ ಅದಕ್ಕಿಂತ ಕಡಿಮೆ ಬಂದರೆ ಇದು ಹೆಪಾರಿನ್ ತೊಂದರೆ ಆಗಿರುವ ಸಾಧ್ಯತೆ ತೀರಾ ಕಡಿಮೆ, ಆರು ಅಥವಾ ಅದಕ್ಕಿಂತ ಹೆಚ್ಚಾದರೆ ಬಲವಾದ ಅನುಮಾನ. ಕಾಲಿನಲ್ಲಿ ಗರಣೆ ಇರುವುದು ಸ್ಕ್ಯಾನಿನಲ್ಲಿ ಖಚಿತವಾದರೆ ನಿಮ್ಮ ತಂದೆಯವರಿಗೆ ಆರು ದಾಟುತ್ತದೆ. ಅಂಥ ಕಡೆ ಪಿ.ಎಫ್.4 ಆ್ಯಂಟಿಬಾಡಿ ಪರೀಕ್ಷೆಗೆ ರಕ್ತ ಕಳಿಸುತ್ತಾರೆ. ಎಲ್ಲ ಲ್ಯಾಬಿನಲ್ಲೂ ಆಗುವ ಪರೀಕ್ಷೆ ಅಲ್ಲ ಅದು, ವರದಿ ಬರಲು ದಿನಗಳು ಹಿಡಿಯಬಹುದು. ಅಷ್ಟರ ತನಕ ಕಾಯುವಂತಿಲ್ಲ. ಅನುಮಾನ ಬಲವಾಗಿದ್ದರೆ ಅಂದೇ ಎಲ್ಲ ಬಗೆಯ ಹೆಪಾರಿನ್ ನಿಲ್ಲಿಸಿ, ಸಲೈನ್ ಸೂಜಿ ಕಟ್ಟಿಕೊಳ್ಳದಿರಲೆಂದು ಬಿಡುವ ಒಂದೆರಡು ಹನಿಯನ್ನೂ ನಿಲ್ಲಿಸಿ, ಅರ್ಗಟ್ರೋಬಾನ್, ಬೈವಾಲಿರುಡಿನ್ ಅಥವಾ ಫೋಂಡಾಪ್ಯಾರಿನಕ್ಸ್‌ನಂಥ ಬೇರೆ ಔಷಧಿಯಿಂದ ರಕ್ತ ತೆಳುವಾಗಿಡುತ್ತಾರೆ. ಅಸಿಟ್ರೋಮ್ ಮತ್ತೆ ಶುರುವಾಗುವುದು ಪ್ಲೇಟ್‌ಲೆಟ್ 1.5 ಲಕ್ಷ ಮುಟ್ಟಿದ ಮೇಲೆ. ಪರೀಕ್ಷೆ ಪಾಸಿಟಿವ್ ಎಂದ ಮಾತ್ರಕ್ಕೆ ಕಾಯಿಲೆ ಇದೆ ಎಂದೂ ಅಲ್ಲ. ಹೃದಯದ ಆಪರೇಷನ್ ಆದ ಎಷ್ಟೋ ಜನರ ರಕ್ತದಲ್ಲಿ ಈ ಆ್ಯಂಟಿಬಾಡಿ ಸುಮ್ಮನೆ ಬಂದು ಹೋಗುತ್ತದೆ. ಅದಕ್ಕೇ ನಿಮ್ಮ ಗ್ರಾಫ್ ಹಾಳೆಗೆ ಅಷ್ಟು ಬೆಲೆ.

ಒಂದು ವೇಳೆ ಖಚಿತವಾದರೆ, ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ ‘ಹೆಪಾರಿನ್ ಕೊಡಬಾರದು’ ಎಂದು ಬರೆಸಿ, ಅದನ್ನೇ ಒಂದು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆ ತಂದೆಯವರ ಜೇಬಿನಲ್ಲಿಡಿ. ಮುಂದೆಂದೋ ಡಯಾಲಿಸಿಸ್, ಆಂಜಿಯೋಗ್ರಾಂ, ಮತ್ತೊಂದು ಆಪರೇಷನ್ ಎಂದಾಗ ಕೆಲಸಕ್ಕೆ ಬರುತ್ತದೆ. ಈ ಆ್ಯಂಟಿಬಾಡಿ ಹೆಚ್ಚಿನವರಲ್ಲಿ ಮೂರು ತಿಂಗಳ ಸುಮಾರಿಗೆ ಮಾಯವಾಗುತ್ತದೆ, ಚೀಟಿ ಮಾತ್ರ ಇರಲಿ.

ಮನೆಗೆ ಬಂದ ಮೇಲಿನ ಬೇರೆ ತೊಂದರೆಗಳ ಬಗ್ಗೆ ಎರಡು ಮಾತು. ಹೊಸ ವಾಲ್ವ್ ಇರುವವರಿಗೆ 100.4 ಡಿಗ್ರಿ ಮೇಲೆ ಜ್ವರ ಬಂದರೆ ಮೆಡಿಕಲ್ ಸ್ಟೋರಿನಿಂದ ಆಂಟಿಬಯಾಟಿಕ್ ತಂದು ನುಂಗಿಸಬೇಡಿ. ವಾಲ್ವ್‌ಗೆ ಸೋಂಕು ತಗುಲಿದೆಯೇ ಎಂದು ತಿಳಿಯಲು ಮೊದಲು ರಕ್ತವನ್ನು ಕಲ್ಚರ್‌ಗೆ ಕಳಿಸಬೇಕು. ಒಂದೆರಡು ಗುಳಿಗೆ ಒಳಗೆ ಹೋದರೂ ರೋಗಾಣು ಕಲ್ಚರ್‌ನಲ್ಲಿ ಬೆಳೆಯದೆ ಅಡಗಿಬಿಡಬಹುದು. ಎರಡು ಮೂರನೇ ವಾರದಲ್ಲಿ ಉಬ್ಬಸ, ತಲೆಸುತ್ತು, ಬಿ.ಪಿ. ಇಳಿಯುವುದು ಕಂಡರೆ ಹೃದಯದ ಸುತ್ತ ನೀರೋ ರಕ್ತವೋ ತುಂಬಿರಬಹುದು. ರಕ್ತ ತೆಳು ಮಾತ್ರೆಯಲ್ಲಿರುವವರಿಗೆ ಇದು ಸದ್ದಿಲ್ಲದೆ ಬರುತ್ತದೆ. ಕಣ್ಣು ಕತ್ತಲಿಟ್ಟು ಬಿದ್ದರೆ ನಾಡಿ ತೀರಾ ನಿಧಾನವಾಗಿರಬಹುದು, ಅಯೋರ್ಟಿಕ್ ವಾಲ್ವ್ ಆದವರಲ್ಲಿ ಕೆಲವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ ಹೇಳುವುದೇ ಬೇಡ, ಆ ಕ್ಷಣವೇ ಹೊರಡಿ. ಎದೆಯ ಹೊಲಿಗೆ ನೋವಿಗೆ ಪ್ಯಾರಾಸಿಟಮಾಲ್ ಸಾಕು. ಡೈಕ್ಲೋಫೆನಾಕ್, ಬ್ರೂಫೆನ್ ಬೇಡ. ಊರಿನ ಕ್ಲಿನಿಕ್ಕಿನಲ್ಲಿ ಸೊಂಟಕ್ಕೊಂದು ಸೂಜಿ ಹಾಕಿಸಿಕೊಂಡರೇ ಸಮಾಧಾನ ಎನ್ನುವ ಅಭ್ಯಾಸ ಹಿರಿಯರಿಗೆ ಇರುತ್ತದೆ, ಅದಂತೂ ಖಂಡಿತ ಬೇಡ, ಮಾಂಸದೊಳಗೆ ರಕ್ತ ಮಡುಗಟ್ಟುತ್ತದೆ. ಹಲ್ಲು ಕೀಳಿಸುವ ಮೊದಲು ವಾಲ್ವ್ ಇದೆ ಎಂದು ಹಲ್ಲಿನ ಡಾಕ್ಟರಿಗೆ ಹೇಳಿ, ಮುಂಚಿತವಾಗಿ ಆಂಟಿಬಯಾಟಿಕ್ ಕೊಡುತ್ತಾರೆ.

ಕೊನೆಗೆ ಸೊಪ್ಪು. ಮಂಡ್ಯದ ಕಡೆಯ ಊಟದಿಂದ ಸೊಪ್ಪು ತೆಗೆದರೆ ಮುದ್ದೆಗೆ ಉಳಿಯುವುದೇನು? ಸೊಪ್ಪಿನಲ್ಲಿ ಕೆ ಜೀವಸತ್ವ ಇದೆ, ಅದು ಅಸಿಟ್ರೋಮ್‌ನ ಕೆಲಸಕ್ಕೆ ಎದುರು ನಿಲ್ಲುತ್ತದೆ, ಅಷ್ಟು ನಿಜ. ಆದರೆ ಡಾಕ್ಟರು ಮಾತ್ರೆಯ ಪ್ರಮಾಣ ಗೊತ್ತುಮಾಡುವುದು ನೀವು ತಿನ್ನುವ ಊಟದ ಮೇಲೆಯೇ. ಒಂದು ವಾರ ಪೂರ್ತಿ ಬಿಟ್ಟು, ಮುಂದಿನ ವಾರ ದಿನಾ ಎರಡು ಹೊತ್ತು ಬಸ್ಸಾರು ತಿಂದರೆ ಐ.ಎನ್.ಆರ್. ತೂಗುಯ್ಯಾಲೆ ಆಡುತ್ತದೆ. ಮೊದಲು ವಾರಕ್ಕೆ ಮೂರು ದಿನ ಸೊಪ್ಪು ತಿನ್ನುತ್ತಿದ್ದರೆ ಈಗಲೂ ಮೂರು ದಿನವೇ ತಿನ್ನಲಿ, ಹೆಚ್ಚುಕಮ್ಮಿ ಅಷ್ಟೇ ಬಟ್ಟಲು. ಬಿಡಿಸಿದ್ದನ್ನು ಮತ್ತೆ ಶುರು ಮಾಡುವ ವಾರ ಅದನ್ನು ಡಾಕ್ಟರಿಗೆ ತಿಳಿಸಿ, ನಾಲ್ಕೈದು ದಿನ ಬಿಟ್ಟು ಐ.ಎನ್.ಆರ್. ಒಂದು ಸಲ ಹೆಚ್ಚಾಗಿ ನೋಡಿಸಿ. ಅದೇ ರಕ್ತದಲ್ಲಿ ಪ್ಲೇಟ್‌ಲೆಟ್ಟನ್ನೂ ಬರೆಸಿ, ಗ್ರಾಫ್ ಹಾಳೆಯಲ್ಲಿ ಇನ್ನೊಂದು ಚುಕ್ಕಿ ಇಡಿ.